ಸುಳ್ಳು ಬರೆಯದ ಡಾಕ್ಟರು

ಎದೆಗೆ ಇಡುವ ಮುಂಚೆ ಸ್ಟೆಥೋಸ್ಕೋಪನ್ನು ಅವರು ಒಮ್ಮೆ ತಮ್ಮ ಅಂಗೈಗೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು, ರೋಗಿಗೆ ತಣ್ಣಗೆ ತಾಗಬಾರದು ಅಂತ. ಆಡುವ ಮಾತನ್ನು ಹಾಗೆ ಬೆಚ್ಚಗೆ ಮಾಡಿ ಆಡಿದ್ದನ್ನು ಮಾತ್ರ, ಅವರ ಕೈಕೆಳಗೆ ದುಡಿದ ಹದಿನೈದು ವರ್ಷದಲ್ಲಿ, ನಾನು ಒಂದು ದಿನವೂ ಕೇಳಲಿಲ್ಲ.

ಹೋದ ತಿಂಗಳು ತೀರಿಕೊಂಡರು. ಶಹಾಬಾದದಲ್ಲಿ ಸಭೆ ಮಾಡಿದರು. ಒಬ್ಬರಾದ ಮೇಲೊಬ್ಬರು ಎದ್ದು ನಿಂತು, "ಸಾಯೋತನಕ ಒಂದು ಸುಳ್ಳು ಸರ್ಟಿಫಿಕೇಟ್ ಬರೀಲಿಲ್ಲ ಅವ್ರು" ಅಂದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮಾತಾಡು ಅಂತ ನನ್ನನ್ನು ಯಾರೂ ಕರೆಯಲಿಲ್ಲ. ಯಾಕೆ ಕರೆಯಲಿಲ್ಲ ಅನ್ನುವುದು ಊರಿಗೆ ಗೊತ್ತಿದೆ. ಅಂದರೆ, ಗೊತ್ತಿದೆ ಅಂತ ಊರು ತಿಳಿದುಕೊಂಡಿದೆ.

ಅವರ ಹೆಸರು ಬರೆಯುವುದಿಲ್ಲ. ಶಹಾಬಾದ, ವಾಡಿಯ ಕಡೆಯವರಿಗೆ ಎರಡು ಸಾಲು ಓದುತ್ತಲೇ ತಿಳಿಯುತ್ತದೆ. ತಿಳಿಯದವರಿಗೆ ಹೆಸರು ತೆಗೆದುಕೊಂಡು ಏನಾಗಬೇಕಾಗಿದೆ?

ನಾನು ಮೊದಲು ಅವರ ಹತ್ತಿರ ಹೋದದ್ದು ರೋಗಿಯಾಗಿ. ತೊಂಬತ್ತೊಂದೋ ತೊಂಬತ್ತೆರಡೋ ಇರಬೇಕು. ನಮ್ಮದು ಚಿತ್ತಾಪುರ ತಾಲೂಕು, ಸನ್ನತಿಯ ಆಚೆ ಒಂದು ಹಳ್ಳಿ. ಏಳನೇ ತರಗತಿಗೆ ಶಾಲೆ ಬಿಟ್ಟು ಶಹಾಬಾದದ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಹೊರುತ್ತಿದ್ದೆ. ಒಂದು ದಿನ ಚಪ್ಪಡಿ ಜಾರಿ ಎಡಗೈ ಹೆಬ್ಬೆರಳ ಮೇಲೆ ಬಿತ್ತು. ಕೈಗೆ ಅರಿವೆ ಸುತ್ತಿಕೊಂಡು ಅವರ ದವಾಖಾನೆಗೆ ಹೋದೆ. ಹೊಲಿಗೆ ಹಾಕುತ್ತಲೇ ಕೇಳಿದರು:

"ಎಷ್ಟು ಓದೀದಿ?"

"ಏಳನೇತ್ತ ಪಾಸ್ ಅದೀನ್ರಿ."

"ಕಲ್ಲು ಹೊರ್ಲಿಕ್ಕೆ ಹೆಚ್ಚಾತು, ಔಷಧ ಕೊಡ್ಲಿಕ್ಕೆ ಕಡಿಮಿ ಆತು. ನಡುವ ಏನರೆ ಕೆಲಸ ಅದನೋ ನೋಡ್ತೀನಿ. ನಾಳಿಂದ ಬಂದು ಕಸಾ ಹೊಡಿ."

ನನಗೆ ತಾಯಿತಂದೆ ಇಟ್ಟ ಹೆಸರು ಸಾಯಿಬಣ್ಣ. ಅವರು ಇಟ್ಟದ್ದು 'ಸಾತ್ವಿ ಪಾಸ್', ಹಿಂದಿಯಲ್ಲಿ ಏಳನೇತ್ತೆ ಪಾಸಾದವನು. ಹದಿನೈದು ವರ್ಷ ಅದೇ ಹೆಸರಿನಿಂದ ಕೂಗಿದರು. ಅವರು ಕೂಗಿದ ಮೇಲೆ ರೋಗಿಗಳೂ ಕೂಗಿದರು. ಔಷಧಿ ಕಂಪನಿಯ ಟೈ ಕಟ್ಟಿದವರೂ ಕೂಗಿದರು. ಕಸ ಹೊಡೆಯುವುದರಿಂದ ಸುರು ಮಾಡಿ ಮೂರು ವರ್ಷದಲ್ಲಿ ಗಾಯ ತೊಳೆಯುವುದು, ಸೂಜಿ ಚುಚ್ಚುವುದು, ಔಷಧಿ ಎಣಿಸಿ ಕೊಡುವುದು ಎಲ್ಲಾ ನನ್ನ ಕೈಗೆ ಬಂತು. ಇಂಗ್ಲಿಷ್ ಅಕ್ಷರ ಕಲಿತದ್ದು ಗುಳಿಗೆ ಡಬ್ಬಿಗಳ ಮೇಲೆ. ಯಾರೂ ಕಲಿಸಲಿಲ್ಲ. ಈಗ ವಾಡಿಯ ಸ್ಟೇಷನ್ ರಸ್ತೆಯಲ್ಲಿ ನನ್ನದೇ ಅಂಗಡಿ ಇದೆ, ಮೂರು ಕಂಪ್ಯೂಟರ್ ಇವೆ, ಡಿಗ್ರಿ ಓದಿದವರು ಬಂದು ನನ್ನ ಕೈಯಿಂದ ಅರ್ಜಿ ತುಂಬಿಸಿಕೊಂಡು ಹೋಗುತ್ತಾರೆ. ಇದನ್ನು ಜಂಭಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರೆ ಅಂದುಕೊಳ್ಳಲಿ. ಜಂಭ ಪಡಬಾರದಂಥದ್ದು ನಾನೇನೂ ಮಾಡಿಲ್ಲ.

ಅವರ ಮನೆತನ ಮಳಖೇಡದ ಕಡೆಯ ವೈಷ್ಣವರದು. ಅಪ್ಪ ಮಾಸ್ತರು. ಮನೆಯಲ್ಲಿ ಎಲ್ಲರೂ ಶಾಲೆ, ಕಚೇರಿ, ಮಠ ಅಂತ ಇದ್ದವರು. ಇವರೊಬ್ಬರೇ ಡಾಕ್ಟರು. ತೆಳ್ಳಗೆ, ಎತ್ತರಕ್ಕೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ರೋಗಿಯ ಉಸಿರು ಕೇಳುವಾಗ ಎಡಗಣ್ಣು ಮುಚ್ಚುತ್ತಿದ್ದರು. ಆ ಕಣ್ಣು ತೆರೆಯುವುದು ತಡವಾದಷ್ಟೂ ರೋಗಿಯ ಸುದ್ದಿ ಕೆಟ್ಟದ್ದು ಅಂತ ನಾನು ಲೆಕ್ಕ ಹಾಕಿಕೊಂಡಿದ್ದೆ. ಆ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ.

ಸೇಡಂನಿಂದ ಒಬ್ಬ ಕಿರಾಣಿ ಸಾಹುಕಾರ ಬರುತ್ತಿದ್ದ, ಸಕ್ಕರೆ ಕಾಯಿಲೆಯವನು. ಕಾಲಬೆರಳು ಕಪ್ಪಾದಾಗಲೂ ಪೇಢೆ ಬಿಟ್ಟಿರಲಿಲ್ಲ. "ಇದನ್ನ ತಗೀಬೇಕು" ಅಂದರು ಡಾಕ್ಟರು. ಸಾಹುಕಾರ ಅಳುತ್ತ, "ಬ್ಯಾರೆ ದಾರಿ ಇಲ್ಲೇನ್ರಿ?" ಅಂದ.

"ದಾರಿ ಅದನಲ್ಲ. ಈಗ ಬೆರಳು ತಗಸ್ಕೊ, ಬರೋ ವರ್ಷ ಪಾದ, ಅದರ ಮುಂದಿನ ವರ್ಷ ಮೊಣಕಾಲು. ಪೇಢೆ ಬಿಡೂದಿಲ್ಲ ಅಂದ್ರ ಕಂತಿನ ಮ್ಯಾಲ ಸಾಯಬಹುದು."

ಹೊರಗೆ ಬೆಂಚಿನ ಮೇಲೆ ಕೂತವರು ನಕ್ಕರು. ನಾನೂ ನಕ್ಕೆ. ಅವರ ದವಾಖಾನೆಯಲ್ಲಿ ಅದೊಂದು ಇತ್ತು: ಒಳಗೆ ಒಬ್ಬನಿಗೆ ಚರ್ಮ ಸುಲಿಯುವಾಗ ಹೊರಗಿನವರಿಗೆ ನಗು. ಒಳಗಿದ್ದವನು ಹೊರಗೆ ಬಂದ ಮೇಲೆ ಅವನೂ ಮುಂದಿನವನಿಗೆ ನಗುತ್ತಿದ್ದ.

ಒಬ್ಬ ಸಂಬಂಧಿಕ, ಕಚೇರಿ ಗುಮಾಸ್ತ, ರಜೆಗೆ ಸರ್ಟಿಫಿಕೇಟ್ ಕೇಳಿಕೊಂಡು ಬಂದ. "ಏನಾಗ್ಯದ ನಿನಗ?" ಅಂದರು. "ಏನರೆ ಬರೀರಿ ಕಾಕಾ, ಜ್ವರ ಗಿರ ಅಂತ" ಅಂದ. ಇವರು ಪೂರ್ತಿ ನಾಡಿ ನೋಡಿದರು, ನಾಲಿಗೆ ನೋಡಿದರು, ಎದೆ ನೋಡಿದರು. ಆಮೇಲೆ ಬರೆದು, ಸಹಿ ಮಾಡಿ, ಶಿಕ್ಕಾ ಒತ್ತಿ ಕೊಟ್ಟರು. ಅದರಲ್ಲಿ ಬರೆದದ್ದು: ಈತನಿಗೆ ಸೋಮಾರಿತನವಿದ್ದು ವಿಶ್ರಾಂತಿಯಿಂದ ಹೆಚ್ಚಾಗುವ ಸಂಭವವಿದೆ. ಆ ಗುಮಾಸ್ತನ ಮನೆಯವರು ಅಂದಿನಿಂದ ಇವರ ಮನೆಗೆ ಅರಿಶಿನ ಕುಂಕುಮಕ್ಕೂ ಬರಲಿಲ್ಲ. ಆದರೆ ಅದೇ ಮಾತು ಊರೂರಿಗೆ ಹರಡಿ ಅವರ ಸಹಿಗೆ ಬೆಲೆ ಬಂತು. ಸಿಮೆಂಟು ಕಾರ್ಖಾನೆಯ ಟೈಮ್ ಆಫೀಸಿನಲ್ಲಾಗಲಿ, ಚಿತ್ತಾಪುರದ ಕೋರ್ಟಿನಲ್ಲಾಗಲಿ ಅವರ ಕಾಗದ ಕಂಡರೆ ಎರಡನೇ ಪ್ರಶ್ನೆ ಇರುತ್ತಿರಲಿಲ್ಲ.

ತಮ್ಮ ತಾಯಿಗೂ ಹಾಗೇ. ಮುದುಕಿ ಕಡೆಯ ದಿನ, ನಾನು ಕಾಲ ಹತ್ತಿರ ನಿಂತಿದ್ದೆ, ಮಗನ ಕೈ ಹಿಡಿದು ಕೇಳಿದಳು: "ನಾಳಿ ಏಕಾದಶಿ ಅದ. ಹೋಗ್ಲಿಕ್ಕೆ ಛಲೋ ದಿನ. ಅಲ್ಲೀತನಕ ತಡೀತದೇನು ನೋಡಪಾ." ಇವರು ನಾಡಿ ಹಿಡಿದರು. ಎಡಗಣ್ಣು ಮುಚ್ಚಿತು. "ಇಲ್ಲಮ್ಮಾ. ಇವತ್ತೇ" ಅಂದರು. ಹೂಂ ಅಂದಿದ್ದರೆ ಏನು ಹೋಗುತ್ತಿತ್ತು? ದಶಮಿಯ ಮಧ್ಯಾಹ್ನ ಆಕೆ ಗೋಡೆಯ ಕಡೆ ಮುಖ ಮಾಡಿ ಹೋದಳು.

"ಖರೇ ಹೇಳ್ಲಿಕ್ಕೇ ನಾ ಇಲ್ಲಿ ಕೂತೀನಿ" ಅನ್ನುವುದು ಅವರ ದಿನದ ಮಾತು. "ಸುಳ್ಳು ಬೇಕಾದ್ರ ಗುಡಿಗೆ ಹೋಗ್ರಿ, ಪುಕ್ಕಟ ಸಿಗ್ತದ, ಮ್ಯಾಲ ಪ್ರಸಾದಾನೂ ಕೊಡ್ತಾರ."

ಅವರ ಇನ್ನೊಂದು ಗುಣ ಹೇಳದೆ ಇದ್ದರೆ ನನಗೆ ಪಾಪ ಬರುತ್ತದೆ. ಒಬ್ಬನ ರೋಗ ಇನ್ನೊಬ್ಬನಿಗೆ ಹೇಳುತ್ತಿರಲಿಲ್ಲ. ಗಂಡನದು ಹೆಂಡತಿಗೆ ಹೇಳುತ್ತಿರಲಿಲ್ಲ, ಅಣ್ಣನದು ತಮ್ಮನಿಗೆ ಹೇಳುತ್ತಿರಲಿಲ್ಲ. ಸಿಟ್ಟು, ಸಕ್ಕರೆ, ಬೊಜ್ಜು ಇವುಗಳನ್ನು ಹತ್ತು ಮಂದಿಯ ಮುಂದೆ ಆಡಿಕೊಂಡರೂ ಹೊಟ್ಟೆಪಾಡಿಗೆ ಕುತ್ತು ತರುವ ರೋಗ ಇದ್ದರೆ ಬಾಗಿಲು ಹಾಕಿಸಿ ಮೆತ್ತಗೆ ಹೇಳುತ್ತಿದ್ದರು.

ಹಾಗೆ ಬಾಗಿಲು ಹಾಕಿಸಿ ಹೇಳಿಸಿಕೊಂಡವರಲ್ಲಿ ಭೀಮಶಾ ಒಬ್ಬ. ನನ್ನ ಜೊತೆ ಖಣಿಯಲ್ಲಿ ಕಲ್ಲು ಹೊತ್ತವನು. ನಾನು ಬಿಟ್ಟು ಬಂದೆ, ಅವನು ಅಲ್ಲೇ ಉಳಿದು ಕಲ್ಲಿಗೆ ತೂತು ಕೊರೆಯುವ ಮಶೀನು ಹಿಡಿದ. ಬಾಯಿಗೆ ವಲ್ಲಿ ಕಟ್ಟಿಕೊಂಡು ಹದಿನಾಲ್ಕು ವರ್ಷ ಧೂಳು ನುಂಗಿದ. ಕೆಮ್ಮು ಬಂತು, ಎಕ್ಸ್‌ರೇ ತೆಗೆಸಿಕೊಂಡು ಬಂದ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎದಿ ತುಂಬ ಕಲ್ಲಿನ ಧೂಳು ಕೂತದ ಭೀಮಶಾ. ಇದಕ್ಕ ಔಷಧ ಇಲ್ಲ. ಉಸಿರಾಡ್ಲಿಕ್ಕೆ ಬಾಯಾಗ ಹೊಡಕೊಳ್ಳೋ ಪಂಪ್ ಕೊಡ್ತೀನಿ. ಖಣಿ ಬಿಟ್ರ ಇನ್ನ ಒಂದೀಟು ವರ್ಷ ಬಾಳ್ತಿ. ಬಿಡಲಿಲ್ಲ ಅಂದ್ರ ನಾಕು ವರ್ಷ."

ಭೀಮಶಾ ಲೆಕ್ಕ ಹಾಕಿದ. "ನಾಕು ವರ್ಷ ಸಾಕ್ರಿ ಸಾಹೇಬ್ರ" ಅಂದ. "ಅಷ್ಟರಾಗ ಮೂರೂ ಹೆಣ್ಣುಮಕ್ಕಳು ಲಗ್ನ ಆಗಿ ಒಂದು ಕಡಿ ಆಗ್ತಾವ್ರಿ. ಗುತ್ತೇದಾರಗ ಮಾತ್ರ ಗೊತ್ತಾಗಬಾರ್ದು ನೋಡ್ರಿ. ಕೆಮ್ಮವರಿಗೆ ಅಂವ ಕೆಲಸಕ್ಕ ಹಚ್ಚಂಗಿಲ್ಲ. ಇರೋ ಗುಡಸಲಾನೂ ಅವಂದೇ ಜಾಗಾದಾಗ ಅದ."

"ಇಲ್ಲಿ ಆಡಿದ ಮಾತು ನನಗ, ಸಾತ್ವಿ ಪಾಸಗ, ನಿನ್ನ ಎದಿಗೆ ಗೊತ್ತು. ನಾಕನೇದವರಿಗೆ ಗೊತ್ತಾಗಂಗಿಲ್ಲ. ಹೋಗು" ಅಂದರು. ಆಮೇಲೆ ತಿಂಗಳಿಗೊಮ್ಮೆ ಬಂದಾಗ ಕಪಾಟಿನಿಂದ ಪಂಪು ತೆಗೆದು ಅವನ ಕಡೆ ಎಸೆಯುತ್ತಿದ್ದರು. "ನಿನ್ನ ಮ್ಯಾಲಿನ ಪ್ರೀತಿಗಲ್ಲ, ಕಂಪನಿಯವ್ರು ಸ್ಯಾಂಪಲ್ ಇಟ್ಟು ಹೋಗ್ಯಾರ." ಕಂಪನಿಯವರು ಇಡುತ್ತಿದ್ದದ್ದು ವರ್ಷಕ್ಕೆ ಎರಡು. ಉಳಿದ ಹತ್ತನ್ನು ನಾನೇ ಅಂಗಡಿಯಿಂದ ತರುತ್ತಿದ್ದೆ, ಅವರು ಹೇಳಿದ ಮೇಲೆ.

ಈಗ ಕಂಪ್ಯೂಟರಿನ ಮಾತು. ತೊಂಬತ್ತೊಂಬತ್ತರ ಸುಮಾರಿಗೆ ದವಾಖಾನೆಗೆ ಕಂಪ್ಯೂಟರ್ ಬಂತು, ಅದರೊಳಗೆ ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರ್ ಬಂತು. ಅದನ್ನು ಹಾಕಿಕೊಟ್ಟವರು ಒಂದು ವಾರ ತೋರಿಸಿ ಹೋದರು. ಕಾರ್ಡುಗಳು ಆರು ಸಾವಿರದ ಮೇಲಿದ್ದವು. ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಒಂದು ವರ್ಷ ಎರಡು ತಿಂಗಳಲ್ಲಿ ಎಲ್ಲವನ್ನೂ ಒಳಗೆ ಹಾಕಿದೆ. ಹೆಸರು, ವಯಸ್ಸು, ಊರು, ರೋಗ. ಕಾರ್ಡಿನಲ್ಲಿ ಇದ್ದದ್ದೆಲ್ಲ, ಇದ್ದ ಹಾಗೆ. "ಮಂಗ್ಯಾಗ ಹಾರ್ಮೋನಿಯಂ ಕೊಟ್ಟಂಗಾಗ್ಯದ" ಅನ್ನುತ್ತಿದ್ದರು ಡಾಕ್ಟರು. ಆದರೆ ಯಾವ ಕಾರ್ಡು ಕೇಳಿದರೂ ಮಂಗ ಹತ್ತು ಎಣಿಸುವುದರೊಳಗೆ ತೆಗೆದು ಕೊಡುತ್ತಿತ್ತು.

ಕಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ಖಣಿಯ ಜನ ಚಿಂಚೋಳಿಯ ತಾಂಡಾಗಳಿಂದ, ಸೇಡಂ ಕಡೆಯಿಂದ, ತೆಲುಗು ಸೀಮೆಯಿಂದ ಬಂದವರು. ಅವರಿಗೆ ಮನೆ ನಂಬರಿಲ್ಲ, ಓಣಿ ಇಲ್ಲ. ವಿಳಾಸ ಕೇಳಿದರೆ ಗುತ್ತೇದಾರನ ಹೆಸರು ಹೇಳುತ್ತಿದ್ದರು. ಊರಿಂದ ಕಾಗದ ಬಂದರೆ ಅವನ ಆಫೀಸಿಗೆ ಬರಬೇಕು, ಯಾರಾದರೂ ಸತ್ತರೆ ಸುದ್ದಿ ಅವನ ಫೋನಿಗೆ ಬರಬೇಕು. ಹಾಗಾಗಿ ಅವರೆಲ್ಲರ ಕಾರ್ಡಿನಲ್ಲಿ 'ಕೇರ್ ಆಫ್' ಅಂತ ಬರೆದು ಗುತ್ತೇದಾರನ ಹೆಸರು, ಅವನ ಫೋನ್ ನಂಬರು ಹಾಕುತ್ತಿದ್ದೆವು. ಭೀಮಶಾನದೂ ಸೇರಿ ಅಂಥವು ನಲವತ್ತೊಂದು ಕಾರ್ಡು.

ಎರಡು ಸಾವಿರದ ಆರೋ ಏಳೋ ಇರಬೇಕು. ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಯವರು ಸಣ್ಣ ಊರಿನ ಡಾಕ್ಟರುಗಳಿಗೆ ಒಂದು ಸೌಕರ್ಯ ಮಾಡಿಕೊಟ್ಟರು. ನಮ್ಮ ಕಂಪ್ಯೂಟರಿನಲ್ಲಿದ್ದ ದಾಖಲೆಗಳನ್ನು ಇಂಟರ್ನೆಟ್ಟಿನ ಮೇಲೆ ಅವರ ಪೋರ್ಟಲ್ಲಿಗೆ ಜೋಡಿಸುವುದು. ಅಲ್ಲಿಯ ತಜ್ಞರು ಅಲ್ಲೇ ಕೂತು ನೋಡಿ ಸಲಹೆ ಕೊಡುತ್ತಾರೆ. ರೋಗಿಗೂ ಒಂದು ನಂಬರು, ಒಂದು ಪಾಸ್‌ವರ್ಡು ಸಿಗುತ್ತದೆ, ನೆಟ್ ಅಂಗಡಿಯಲ್ಲಿ ತನ್ನ ರಿಪೋರ್ಟ್ ತಾನೇ ನೋಡಬಹುದು. ಡಾಕ್ಟರಿಗೆ ಇದು ಬಹಳ ಹಿಡಿಸಿತು. ಒಬ್ಬ ಕೂಲಿಯವನು ಹೈದರಾಬಾದಿಗೆ ಹೋಗಿ ಬರುವ ಮೂರು ದಿನದ ದಗದ, ಕೂಲಿ ಉಳಿಯುತ್ತದೆ ಅಂತ ಲೆಕ್ಕ ಹಾಕಿದರು. ಹಿಡಿಸಲು ಕಾರಣ ಅಷ್ಟೇ ಅಲ್ಲ. ಕಲಬುರಗಿಯ ಡಾಕ್ಟರುಗಳಿಗೂ ಇರದದ್ದು ತಮಗೆ ಬರುತ್ತದೆ ಅಂತಲೂ ಇತ್ತು.

ಜೋಡಿಸಲು ಹೈದರಾಬಾದಿನಿಂದ ಒಬ್ಬ ಇಂಜಿನಿಯರ್ ಬಂದ. ತೆಲುಗಿನವನು, ನಮ್ಮ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದ. ಒಂದು ಹಾಳೆಯ ಎಡಕ್ಕೆ ನಮ್ಮ ಸಾಫ್ಟ್‌ವೇರಿನ ಕಾಲಂಗಳು, ಬಲಕ್ಕೆ ಪೋರ್ಟಲ್ಲಿನ ಕಾಲಂಗಳು ಬರೆದ. ಹೆಸರಿನಿಂದ ಹೆಸರಿಗೆ ಗೆರೆ ಎಳೆದ, ವಯಸ್ಸಿನಿಂದ ವಯಸ್ಸಿಗೆ ಗೆರೆ ಎಳೆದ. ಪೋರ್ಟಲ್ಲಿನ ಕಡೆ ಒಂದು ಕಾಲಂ ಉಳಿಯಿತು: ರೋಗಿಯ ಪರವಾಗಿ ದಾಖಲೆ ನೋಡುವವರು, ಅವರ ಮೊಬೈಲ್ ನಂಬರು. ಅದನ್ನು ಖಾಲಿ ಬಿಡುವ ಹಾಗಿರಲಿಲ್ಲ. ಪಾಸ್‌ವರ್ಡು ಆ ಮೊಬೈಲಿಗೇ ಹೋಗುತ್ತದೆ. ಇಂಜಿನಿಯರ್ ನಮ್ಮ ಕಡೆ ಫೋನ್ ನಂಬರು ಎಲ್ಲಿದೆ ಅಂತ ಹುಡುಕಿದ, 'ಕೇರ್ ಆಫ್' ಪಕ್ಕ ಸಿಕ್ಕಿತು. ಅಲ್ಲಿಂದ ಇಲ್ಲಿಗೆ ಗೆರೆ ಎಳೆದ.

ನನಗೆ ಕೂಡಲೇ ಹೊಳೆಯಿತು. ಕಾಗದ ತಲುಪಿಸುವವನು ಬೇರೆ, ಎದೆಯ ರೋಗ ನೋಡುವವನು ಬೇರೆ. ಬಾಯಿ ತೆಗೆದೆ.

"ಸಾಹೇಬ್ರ, ಅದು ಹಂಗ ಜೋಡಸಬಾರ್ದ್ರಿ. ಖಣಿ ಮಂದೀದು..."

"ಬರ್ರಿ, ಬರ್ರಿ, ಎಲ್ಲಾರೂ ಬರ್ರಿ!" ಡಾಕ್ಟರು ಹೊರಗೆ ಬೆಂಚಿನ ಮೇಲಿದ್ದವರನ್ನು ಕೂಗಿದರು. "ನಮ್ಮ ಸಾತ್ವಿ ಪಾಸ್ ಇಂಜಿನಿಯರ್ ಸಾಹೇಬ್ರಿಗೆ ಪಾಠ ಹೇಳ್ಲಿಕತ್ತಾನ. ಫೀಸ್ ಇಲ್ಲ, ಕುಂತು ಕೇಳ್ರಿ."

ಎಲ್ಲರೂ ನಕ್ಕರು. ಇಂಜಿನಿಯರ್ ಕೂಡ ಅರ್ಥವಾಗದೆಯೇ ನಕ್ಕ. ಎರಡನೇ ಸಲ ಬಾಯಿ ತೆಗೆಯಬಹುದಿತ್ತು. ತೆಗೆಯಲಿಲ್ಲ. ಹಾಳಾಗಿ ಹೋಗಲಿ, ಆಮೇಲೆ ತಿಳಿಯಲಿ ಇವರಿಗೆ ಸಾತ್ವಿ ಪಾಸ್ ಏನು ಹೇಳುತ್ತಿದ್ದ ಅಂತ, ಅನಿಸಿತು. ಇಂಜಿನಿಯರ್ ಎದ್ದು ನನಗೆ ಕುರ್ಚಿ ಬಿಟ್ಟ. ಎಲ್ಲಾ ಸರಿ ಇದ್ದರೆ ಒಪ್ಪಿಗೆ ಒತ್ತು ಅಂದ. ಒತ್ತಿದೆ. ಒತ್ತಿದ್ದು ನನ್ನ ಬೆರಳು. ಸಿಟ್ಟಿನಲ್ಲಿದ್ದಾಗ ನನಗೆ ಭೀಮಶಾನ ನೆನಪು ಬರಲಿಲ್ಲ ಅಂತ ಹೇಳಿದರೆ ಅದು ಸುಳ್ಳು. ಬಂದಿತ್ತು.

ಎಂಟು ದಿನಕ್ಕೆ ಗುತ್ತೇದಾರ ಬಂದ, ಕೈಯಲ್ಲಿ ಪೇಢೆಯ ಡಬ್ಬಿ ಹಿಡಿದುಕೊಂಡು. ಖುಷಿಯಲ್ಲಿದ್ದ.

"ಭಾಳ ಉಪಕಾರ ಮಾಡಿದ್ರಿ ಸಾಹೇಬ್ರ. ಒಂದೇ ದಿನ ಮೊಬೈಲಿಗೆ ನಲವತ್ತೊಂದು ಮೆಸೇಜ್! ಏನಪಾ ಇದು ಅಂತ ನೆಟ್ ಅಂಗಡ್ಯಾಗ ತಗಸಿ ನೋಡಿದ್ರ, ನಮ್ಮ ಮಂದೀದು ಪೂರಾ ಜಾತಕ! ಯಾರ ಎದಿ ಹೆಂಗದ, ಯಾರ ರಕ್ತ ಹೆಂಗದ, ಎಲ್ಲಾ. ಇಷ್ಟು ವರ್ಷ ಕಣ್ಣು ಕಟ್ಟಿ ಬಾಜಾರ ಮಾಡ್ದಂಗ ಆಗಿತ್ರಿ ನನಗ."

ಅವನು ಹೋದ ಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು.

"ಅವತ್ತು ಇದನ್ನೇ ಹೇಳ್ತಿದ್ದೇನು?"

"ಹೌದ್ರಿ."

"ಪೂರಾ ಹೇಳಬೇಕಿಲ್ಲ?"

"ನೀವು ನಕ್ರಿ."

"ನಕ್ರ ಏನಾತು? ನಾ ದಿನಾ ನಗ್ತೀನಿ." ಪೇಢೆಯ ಡಬ್ಬಿಯನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದರು. ಹೈದರಾಬಾದಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದು ಜೋಡಣೆ ಕಡಿಸಿದರು. ಆದರೆ ಗುತ್ತೇದಾರ ಅಷ್ಟರೊಳಗೆ ನಲವತ್ತೊಂದನ್ನೂ ಕಾಗದದ ಮೇಲೆ ಇಳಿಸಿಕೊಂಡಿದ್ದ. ಆ ವಾರ ಎಂಟು ಮಂದಿಯ ಕೆಲಸ ಹೋಯಿತು.

ಭೀಮಶಾನನ್ನು ಮಾತ್ರ ಅವನು ಕೂಡಲೇ ತೆಗೆಯಲಿಲ್ಲ. ಅಂಥ ಕೈ ಇನ್ನೊಂದು ಸಿಗುತ್ತಿರಲಿಲ್ಲ. "ನನಗೇನಿಲ್ಲಪಾ. ನಾಳೆ ಲೇಬರ್ ಆಫೀಸರ್ ಕೇಳಿದ್ರ ತೋರಸ್ಲಿಕ್ಕೆ ಒಂದು ಕಾಗದ ಬೇಕು. ಎದಿ ಛಲೋ ಅದ ಅಂತ ಅದೇ ಡಾಕ್ಟರ ಕಡಿಂದ ಬರಸ್ಕೊಂಡು ಬಾ" ಅಂದನಂತೆ. ಭೀಮಶಾ ಬಂದು ಡಾಕ್ಟರ ಮುಂದೆ ಕೈಮುಗಿದು ನಿಂತ.

"ನಾ ಸುಳ್ಳು ಬರಿಯಂಗಿಲ್ಲ" ಅಂದರು.

"ನಾಕು ವರ್ಷದ ಸುಳ್ಳು ಸಾಹೇಬ್ರ. ಆಮ್ಯಾಲ ತಾನೇ ಖರೇ ಆಗ್ತದಲ್ರಿ."

"ಹೋಗ್ತಿಯೋ ಹೊರಗ ಹಾಕಸ್ಲೋ?"

ಮರುದಿನ ಅವರು ಊಟಕ್ಕೆ ಮನೆಗೆ ಹೋಗಲಿಲ್ಲ. ಮಧ್ಯಾಹ್ನ ದವಾಖಾನೆ ಖಾಲಿಯಾದ ಮೇಲೆ ನನ್ನನ್ನು ಒಳಗೆ ಕರೆದು ತಮ್ಮ ಹೆಸರಿನ ಹಾಳೆ ಮುಂದೆ ಇಟ್ಟರು. "ಬರಿ" ಅಂದರು. ಸರ್ಟಿಫಿಕೇಟನ್ನು ಅವರು ಯಾವತ್ತೂ ಇನ್ನೊಬ್ಬರ ಕೈಯಿಂದ ಬರೆಸಿದವರಲ್ಲ. ಅವರು ಹೇಳಿದರು, ನಾನು ನನಗೆ ಬರುವ ಇಂಗ್ಲಿಷಿನಲ್ಲಿ ಬರೆದೆ: ಪರೀಕ್ಷೆ ಮಾಡಲಾಗಿದೆ, ಎದೆ ಸ್ವಚ್ಛವಾಗಿದೆ, ಕೆಲಸಕ್ಕೆ ಯೋಗ್ಯ. ಅವರು ಪೆನ್ನು ಇಸಕೊಂಡು ಸಹಿ ಮಾಡಿದರು, ಶಿಕ್ಕಾ ತಾವೇ ಒತ್ತಿದರು. "ಒಯ್ದು ಅವಗ ಕೊಡು. ನನ್ನ ಮುಂದ ಈ ಮಾತು ಮತ್ತ ತಗೀಬ್ಯಾಡ."

ನನ್ನ ಕೈಯಿಂದ ಯಾಕೆ ಬರೆಸಿದರು ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮುಂದೆ ಆಗುವುದನ್ನು ಆಗಲೇ ಯೋಚಿಸಿರಲಿಲ್ಲ, ಕೈಯೇ ಏಳಲಿಲ್ಲ ಅಷ್ಟೇ, ಅಂತ ನಂಬಿದ್ದೇನೆ. ಇದು ಅವರ ಮೇಲಿನ ಪ್ರೀತಿಗಲ್ಲ. ಹಾಗೆ ನಂಬದಿದ್ದರೆ ಹದಿನೈದು ವರ್ಷ ನಾನು ಎಂಥವರ ಮನೆಯ ಕಸ ಹೊಡೆದೆ ಅನ್ನುವ ಪ್ರಶ್ನೆ ಏಳುತ್ತದೆ.

ಭೀಮಶಾನಿಗೆ ಕಾಗದ ಕೊಟ್ಟೆ. ಅವನಿಗೆ ಓದಲು ಬರುವುದಿಲ್ಲ. ಶಿಕ್ಕಾ ನೋಡಿ ಕಣ್ಣಿಗೆ ಒತ್ತಿಕೊಂಡ.

ಎರಡು ದಿನಕ್ಕೆ ಗುತ್ತೇದಾರ ಮತ್ತೆ ಬಂದ. ಈ ಸಲ ಭೀಮಶಾನನ್ನು ಹಿಂದೆ ನಿಲ್ಲಿಸಿಕೊಂಡು ಬಂದಿದ್ದ. ದವಾಖಾನೆ ತುಂಬ ಮಂದಿ. ಟೇಬಲ್ಲಿನ ಮೇಲೆ ಎರಡು ಕಾಗದ ಪಕ್ಕಪಕ್ಕ ಇಟ್ಟ. ಒಂದು ಪೋರ್ಟಲ್ಲಿನಿಂದ ತೆಗೆಸಿದ್ದು, ಎದೆ ತುಂಬ ಧೂಳು. ಇನ್ನೊಂದು ಸರ್ಟಿಫಿಕೇಟು, ಎದೆ ಸ್ವಚ್ಛ.

"ನೀವು ಸುಳ್ಳು ಬರಿಯೋ ಮನಷ್ಯಾ ಅಲ್ಲ ಅಂತ ಪೂರಾ ಮುಲುಕಕ್ಕ ಗೊತ್ತದ ಸಾಹೇಬ್ರ. ನಾಳೆ ಆಫೀಸರ್ ಮುಂದ ಎರಡೂ ಹೊರಬಿದ್ರ ಸಿಗಬೀಳಾಂವ ನಾ, ಅದಕ್ಕ ಕೇಳ್ಲಿಕತ್ತೀನಿ. ಇವೆರಡರಾಗ ನಿಮ್ದು ಯಾವ್ದು?"

ಡಾಕ್ಟರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮೊದಲನೆಯದರ ಮೇಲೆ ಬೆರಳಿಟ್ಟು, "ಇದು ನಂದು" ಅಂದರು. ಎರಡನೆಯದನ್ನು ಎತ್ತಿ ನೋಡಿ ಕೆಳಗಿಟ್ಟರು.

"ಇದು ನನ್ನ ಅಕ್ಷರ ಅಲ್ಲ."

ಅಷ್ಟೇ. ಅಕ್ಷರ ಅವರದಲ್ಲ, ನಿಜ. ಅವತ್ತೂ ಅವರು ಸುಳ್ಳು ಹೇಳಲಿಲ್ಲ. ಸಹಿ ಯಾರದು ಅಂತ ಗುತ್ತೇದಾರ ಕೇಳಲಿಲ್ಲ. ಆ ಅಕ್ಷರ ಯಾರದು ಅನ್ನುವುದು ಔಷಧಿ ಚೀಟಿ ಒಯ್ದ ಎಲ್ಲರಿಗೂ ಗೊತ್ತಿತ್ತು. ಬೆಂಚಿನ ಮೇಲಿದ್ದವರ ಕಣ್ಣು ಒಂದೊಂದಾಗಿ ನನ್ನ ಮೇಲೆ ಬಿದ್ದವು.

"ಸಾಹೇಬ್ರ, ಸಹಿ?" ಅಂದೆ.

ಅವರು ಕಿಟಕಿಯ ಕಡೆ ನೋಡಿದರು. ಒಬ್ಬ ಮುದುಕ ಎದ್ದು ನಿಂತು, "ಉಂಡ ಮನಿಗೆ ಎರಡು ಬಗೀತಿ ಏನಲೇ? ಅವ್ರ ಸಹೀನೂ ಹಾಕ್ಲಿಕ್ಕೆ ಕಲ್ತಿ ಏನು?" ಅಂದ. ಮತ್ತೊಬ್ಬ, "ರೊಕ್ಕ ತಿಂದಾನ್ರಿ ಅಂವ" ಅಂದ. ಗುತ್ತೇದಾರ ಭೀಮಶಾನ ಕುತ್ತಿಗೆಗೆ ಕೈ ಹಾಕಿ ಹೊರಗೆ ನೂಕಿದ. "ಖೋಟಾ ಕಾಗದ ತಂದು ನನಗ ಜೇಲಿಗೆ ಹಾಕಸ್ತೀಯೇನು ಮಗನ? ನಾಳೆ ಗುಡಸಲಾ ಖಾಲಿ ಮಾಡು." ನಾನು ಬೀಗದ ಕೈಗೊಂಚಲು ಟೇಬಲ್ಲಿನ ಮೇಲಿಟ್ಟು ಹೊರಗೆ ಬಂದೆ. ಯಾರೂ ನಿಲ್ಲು ಅನ್ನಲಿಲ್ಲ.

ಮರುದಿನ ಖಣಿಯ ಹತ್ತಿರ ಹೋದೆ. ಟ್ರ್ಯಾಕ್ಟರಿನಲ್ಲಿ ಸಾಮಾನು ಏರಿತ್ತು. ತಗಡು, ಬಿಂದಿಗೆ, ಒಂದು ಹಾಸಿಗೆ ಸುರುಳಿ. ಮೂರು ಹುಡುಗಿಯರು ಅದರ ಮೇಲೆ ಕೂತಿದ್ದರು. ಭೀಮಶಾನ ಹೆಂಡತಿ ನಾಗಮ್ಮ ನನ್ನನ್ನು ಕಂಡು ಮಣ್ಣು ತೂರಿದಳು.

"ಬಂದೇನೋ ನೋಡ್ಲಾಕ? ನಮ್ಮ ಒಲಿಯಾಗ ನೀರು ಹಾಕ್ದಿ, ನಿನ್ನ ಕೈ ಸೇದಿ ಹೋಗ್ಲಿ! ಯಾರ್ ಹೇಳಿದ್ರು ನಿನಗ ಖೋಟಾ ಬರಿಯಂತ?"

"ಸಹಿ ಸಾಹೇಬ್ರೇ ಮಾಡ್ಯಾರಬೇ. ನನ್ನ ಕಣ್ಣು ಮುಂದ ಮಾಡ್ಯಾರ."

ಭೀಮಶಾ ಟ್ರ್ಯಾಕ್ಟರಿನ ಗಾಲಿಗೆ ಒರಗಿ ಕೂತಿದ್ದ. ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅಂದ: "ಸಾಯಿಬಣ್ಣಾ, ನನಗ ಒಳ್ಳೇದು ಮಾಡಬೇಕಂತೇ ಮಾಡೀದಿ. ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಆ ದೇವರಂಥ ಮನಷ್ಯಾನ ಮ್ಯಾಲ ಹಾಕಬ್ಯಾಡ. ತಾಯಿ ಸಾಯೋಮುಂದ ಸುಳ್ಳು ಹೇಳದಾಂವ ನನ್ನಂಥವನ ಸಲುವಾಗಿ ಬರೀತಾನೇನು?"

ಅವನು ಅಂಗಿಯ ಜೇಬಿನಿಂದ ಪಂಪು ತೆಗೆದು ಅಲ್ಲಾಡಿಸಿ ತೋರಿಸಿದ. ಒಳಗೆ ಸಪ್ಪಳ ಇರಲಿಲ್ಲ.

"ಮುಗದದ. ಇದಿಲ್ಲಂದ್ರ ನನಗ ನಾಕು ಹೆಜ್ಜಿ ಆಗಂಗಿಲ್ಲ. ಈಗ ಯಾವ ಮುಖ ಇಟ್ಕೊಂಡು ಅವ್ರ ಕಡಿ ಹೋಗ್ಲಿ? ಇಬ್ಬರೂ ಕೂಡೇ ಖೋಟಾ ಮಾಡೀವಿ ಅಂತ ತಿಳಕೊಂಡಿರ್ತಾರ. ನೀ ಒಂದು ಕೆಲಸ ಮಾಡು. ಹೋಗಿ ಅವ್ರ ಕಾಲ ಬೀಳು. ಸಹಿ ನಾನೇ ಹಾಕೀನಿ, ಭೀಮಶಾಗ ಗೊತ್ತಿಲ್ಲ, ಅಂತ ಹೇಳು. ನಾ ಬಾಗಲದಾಗ ನಿಂತಿರ್ತೀನಿ."

ಎರಡು ರಾತ್ರಿ ನಾನು ಅದಕ್ಕೆ ಹೂಂ ಅನ್ನಲಿಲ್ಲ. ಯಾರ ಕಾಲಿಗೂ ಬಿದ್ದವನಲ್ಲ ನಾನು. ನಮ್ಮಪ್ಪ ಸತ್ತಾಗ ಸಾಲ ಕೇಳಲಿಕ್ಕೂ ಬಿದ್ದಿರಲಿಲ್ಲ. ಮೂರನೇ ದಿನ ನಾಗಮ್ಮನ ಹಿರಿಮಗಳು, ಅವರು ಹೋಗಿ ಇಳಿದಿದ್ದ ವಾಡಿಯಿಂದ ಬಂದು, "ಅಪ್ಪ ಕುಂತಲ್ಲೇ ಕುಂತಾನ್ರಿ ಕಾಕಾ, ಮಲಗಿದ್ರ ಉಸಿರು ಹತ್ತಂಗಿಲ್ಲ" ಅಂದಳು. ಅಂಗಡಿಯಿಂದ ಒಂದು ಪಂಪು ಕೊಂಡು ಕೊಟ್ಟೆ. ತಿಂಗಳು ತಿಂಗಳು ಕೊಡುವ ಶಕ್ತಿ ಕೆಲಸ ಕಳೆದುಕೊಂಡ ನನಗೂ ಇರಲಿಲ್ಲ. ಡಾಕ್ಟರ ಕಪಾಟಿನಿಂದ ಬಂದ ಪಂಪಿನ ಮೇಲೆಯೇ ಅವನು ಮುಂದೆ ಮೂರು ವರ್ಷ ಬದುಕಿದ. ಇಬ್ಬರು ಹೆಣ್ಣುಮಕ್ಕಳ ಲಗ್ನದ ಅಕ್ಕಿಕಾಳು ನೋಡಿ ಸತ್ತ. ಅದಕ್ಕೆ ನಾನು ಕೊಟ್ಟದ್ದು ಇಷ್ಟು:

ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ವಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಮಂದಿ ಇರುವ ಹೊತ್ತು. ನಾನು ಒಳಗೆ ಹೋದೆ. ಡಾಕ್ಟರು ಒಬ್ಬ ಹೆಣ್ಣುಮಗಳ ನಾಡಿ ಹಿಡಿದಿದ್ದರು. ನನ್ನನ್ನು ಕಂಡು ಬಿಟ್ಟರು. ನಾನು ಟೇಬಲ್ ಸುತ್ತಿ ಹೋಗಿ ನೆಲಕ್ಕೆ ಕೂತು ಅವರ ಪಾದದ ಮೇಲೆ ತಲೆ ಇಟ್ಟೆ.

"ತಪ್ಪಾತ್ರಿ ಸಾಹೇಬ್ರ. ಸಹಿ ನಾನೇ ಹಾಕಿದ್ದೆ. ಶಿಕ್ಕಾ ನಾನೇ ಒತ್ತಿದ್ದೆ. ಭೀಮಶಾಗ ಏನೂ ಗೊತ್ತಿಲ್ರಿ."

ಬಿಸಿ ಕೆಂಡ ತಾಗಿದವರ ಹಾಗೆ ಅವರು ಪಾದವನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ನಾನು ತಲೆ ಎತ್ತಲಿಲ್ಲ. ಸಹಿ ತಮ್ಮದೇ ಅಂತ ಹೇಳುತ್ತಾರೆ, ಈಗ ಹೇಳುತ್ತಾರೆ, ಅಂತ ಫರ್ಸಿ ನೆಲ ನೋಡುತ್ತ ಕಾದೆ.

"ಮಾಫ್ ಮಾಡೀನಿ, ಏಳು" ಅಂದರು.

ಹಿಂದೆ ಯಾರೋ, "ದೊಡ್ಡ ಮನಸ್ಸು ಬಿಡ್ರಿ" ಅಂದರು. ಡಾಕ್ಟರು ನನ್ನ ತಲೆಯ ಮೇಲಿಂದ ಬಾಗಿಲ ಕಡೆ ನೋಡಿ ಕೂಗಿದರು:

"ಭೀಮಶಾ, ಒಳಗ ಬಾ. ಅಂಗಿ ತಗಿ."